‘ಖಾಲಿ ಅಳೂದೇ ಅದ’ ಅಂದವರಿಗೆ

ನಮ್ಮ ಕಡಿ ಗಂಡಸರಿಗೆ ಒಂದು ಬೈಗುಳ ಸಿಕ್ಕದ: ‘ಸೀರಿಯಲ್’. ಟೀವಿಯೊಳಗ ಇಬ್ಬರು ಗಂಡಸರು ಎರಡೂವರಿ ತಾಸು ಹೊಡದಾಡಿದ್ರ ಅದು ಪಿಚ್ಚರ್. ಅದೇ ಟೀವಿಯೊಳಗ ಒಬ್ಬಾಕಿ ಮುದುಕಿ ಮೊಮ್ಮಗಳ ಕೈಯಾಗ ಒಂದು ಹಳೀ ಸಾಮಾನು ಇಟ್ಟು ಸುಮ್ಮ ಕೂತ್ರ, ‘ಇದೇನು ಸೀರಿಯಲ್ ಹಚ್ಚೀರಿ, ತೆಗೀರಿ’. ಈ ಮಾತು ನಾನೂ ಕೇಳ್ಕೋತ ಬಂದೀನಿ, ನೀವೂ ಕೇಳೀರಿ. ಆದ್ರ ಈ ಸಲ ದೀಪಾವಳ್ಯಾಗ ನಮ್ಮನ್ಯಾಗ ಈ ಮಾತು ಎಂಥಾದ್ದಕ್ಕ ಬಂತಂದ್ರ, ಅದನ್ನ ಬರೀದೆ ಬಿಟ್ರ ನನಗ ಉಂಡದ್ದು ಕರಗಂಗಿಲ್ಲ.

ಮಗಳು ಬೆಂಗಳೂರಿಂದ ಬಂದಿದ್ದಳು. ಲ್ಯಾಪ್‌ಟಾಪ್ ತಂದು, ‘ಡಾಕ್ಟರ್ ಹೂ’ ಅಂತ ಇಂಗ್ಲೀಷ್ ಧಾರಾವಾಹಿ ಅದ, ಅದರದು ಒಂದು ಕಂತು ಹಚ್ಚಿದಳು. ಬಿಬಿಸಿಯವರದು, 1963ರಾಗ ಸುರು ಆದದ್ದು. ಡಾಕ್ಟರ್ ಅಂದ್ರ ದವಾಖಾನಿ ಡಾಕ್ಟರ್ ಅಲ್ರಿ. ಬ್ಯಾರೆ ಲೋಕದವರು, ನೀಲಿ ಬಣ್ಣದ ಒಂದು ಪೊಲೀಸ್ ಡಬ್ಬಿಯೊಳಗ ಕೂತು ಹಿಂದಿನ ಕಾಲ, ಮುಂದಿನ ಕಾಲ ಎಲ್ಲಾ ಅಡ್ಡಾಡೋರು. ಸಾಯೂ ಯಾಳ್ಯಾ ಬಂದ್ರ ಸಾಯಂಗಿಲ್ಲ, ಮಾರಿ-ಮೈ ಬದಲಾಗಿ ಬ್ಯಾರೆಯವರಾಗಿ ಎದ್ದು ಕೂಡ್ತಾರ. 13ನೇ ಡಾಕ್ಟರ್ ಹೆಣ್ಣಾಗಿ ಬಂದಳು. ಅಕಿ ಕಾಲದ ಕಂತು ಇದು, 2018ರ ನವೆಂಬರ್ 11ಕ್ಕ ತೋರಿಸಿದ್ದು. ಹೆಸರು ‘ಡೀಮನ್ಸ್ ಆಫ್ ದಿ ಪಂಜಾಬ್’, ಪಂಜಾಬಿನ ದೆವ್ವಗಳು ಅನ್ರಿ. ಬರದವರು ವಿನಯ್ ಪಟೇಲ್.

ಕತಿ ಇಷ್ಟು. ಯಾಸ್ ಅನ್ನೋ ಹುಡುಗಿ, ಇಂಗ್ಲೆಂಡಿನ ಶೆಫೀಲ್ಡ್ ಊರಾಕಿ, ಪಾಕಿಸ್ತಾನದ ಕಡಿಯಿಂದ ಹೋದ ಮುಸಲ್ಮಾನರ ಮನಿ. ಅಕಿ ನಾನಿ, ಅಂದ್ರ ಅವ್ವನ ಅವ್ವ, ಹೆಸರು ಉಂಬ್ರೀನ್, ತನ್ನ ಹುಟ್ಟಿದ ಹಬ್ಬದ ದಿನ ಮೊಮ್ಮಗಳಿಗೆ ಒಂದು ಒಡದ ಕೈಗಡಿಯಾರ ಕೊಡ್ತಾಳ. ಎಂದೂ ರಿಪೇರಿ ಮಾಡಿಸಬ್ಯಾಡ ಅಂತಾಳ. ಯಾಕ ಅಂದ್ರ ಬಾಯಿ ಬಿಡಂಗಿಲ್ಲ. ಹುಡುಗಿಗೆ ಕುತೂಹಲ ತಡೀವಲ್ದು, ಡಾಕ್ಟರ್‌ಗೆ ಹೇಳಿ ನಾನಿಯ ಹರೇದ ಕಾಲಕ್ಕ ಹೋಗ್ತಾಳ. ಹೋಗಿ ಬೀಳೂದು 1947ರ ಆಗಸ್ಟ್ 17ಕ್ಕ, ಹಿಂದೂಸ್ತಾನ ಪಾಕಿಸ್ತಾನದ ಗಡಿ ಎಲ್ಲಿ ಅಂತ ಜಾಹೀರು ಆದ ದಿನಕ್ಕ. ಅಲ್ಲಿ ನಾನಿಯ ಲಗ್ನ ನಡೀಲತ್ತದ. ಆದ್ರ ವರ ಅಕಿ ಅಜ್ಜ ಅಲ್ಲ! ಪ್ರೇಮ್ ಅನ್ನೋ ಹಿಂದೂ ಹುಡುಗ, ಲಡಾಯಿಗೆ ಹೋಗಿ ಬಂದ ಸಿಪಾಯಿ. ಅವನ ತಮ್ಮ ಮನೀಶ್ ರೇಡಿಯೊ ಕೇಳಿ, ಕರಪತ್ರ ಓದಿ ತಲಿ ಕೆಡಿಸ್ಕೊಂಡಾನ. ಲಗ್ನ ಮಾಡಿಸಬೇಕಾಗಿದ್ದ ಸಾಧುನ್ನೇ ಗುಂಡು ಹಾಕಿ ಕೊಂದಾನ. ಕಡೀಕ ಕುದರಿ ಮ್ಯಾಲ ಬಂದೂಕು ಹಿಡದವರನ್ನ ಕರಕೊಂಡು ಬಂದು ಸ್ವಂತ ಅಣ್ಣಗೇ ಮುಂದ ನಿಲ್ಲಿಸ್ತಾನ. ಪ್ರೇಮ್ ಸಾಯ್ತಾನ. ಡಾಕ್ಟರ್, ಯಾಸ್, ಯಾರೂ ಬಿಡಿಸಂಗಿಲ್ಲ. ಬೆನ್ನು ತಿರುಗಿಸಿ ನಡದು ಹೋಗ್ತಾರ, ಹಿಂದ ಗುಂಡಿನ ಸಪ್ಪಳ ಕೇಳ್ತದ.

ಮುಗದ ಮ್ಯಾಲ ನಮ್ಮನಿ ಪಡಸಾಲ್ಯಾಗ ಏನೇನು ಮಾತು ಬಂದವು ಅಂತ ಹೇಳ್ತೀನಿ ಕೇಳ್ರಿ.

ಮೈದುನನ ಮಗ ಇಂಜಿನಿಯರಿಂಗ್ ಓದ್ಲತ್ತಾನ. ‘ಕಾಕು, ಇದ್ರಾಗ ಟೈಮ್ ಟ್ರಾವೆಲ್ ಎಲ್ಲಿ ಅದ? ಖಾಲಿ ಅಳೂದೇ ಅದ’ ಅಂದ. ನಮ್ಮನಿ ಇವರಿಗಂತೂ ‘ಆದಿತ್ಯ 369’ ಬಿಟ್ರ ಬ್ಯಾರೆ ಟೈಮ್ ಮಷೀನ್ ಗೊತ್ತಿಲ್ಲ. 1991ರ ತೆಲುಗು ಪಿಚ್ಚರ್, ಸಿಂಗೀತಂ ಶ್ರೀನಿವಾಸರಾವ್ ಅವರದು. ಮಷೀನು ತಿರುಗಿ ಕೃಷ್ಣದೇವರಾಯನ ಆಸ್ಥಾನಕ್ಕ ಹೋಗ್ತದ, ವಜ್ರ ಅದ, ಕಳ್ಳರು ಅದಾರ. ಛಲೋ ಪಿಚ್ಚರೇ, ನಾನೇನು ಇಲ್ಲಂತೀನೇನು? ಆದ್ರ ಇವರ ಲೆಕ್ಕದಾಗ ಹಿಂದಿನ ಕಾಲಕ್ಕ ಹೋದ್ರ ರಾಜನ್ನೇ ನೋಡಬೇಕು, ವಜ್ರಾನೇ ತರಬೇಕು. ನಾನಿಯ ಲಗ್ನ ನೋಡ್ಲಾಕ ಹೋಗೂದು ಕಾಲ ದಾಟಿದಂಗ ಅಲ್ಲಂತ.

ಹಂಗ ನೋಡಿದ್ರ ಕಾಲ ದಾಟೂ ಕತಿ ನಮಗೇನು ಹೊಸಾದಲ್ಲ. ಭಾಗವತದಾಗ ಕಕುದ್ಮಿ ರಾಜನ ಕತಿ ಬರ್ತದ. ಮಗಳು ರೇವತಿಗೆ ವರ ಯಾರಂತ ಕೇಳ್ಲಾಕ ಬ್ರಹ್ಮಲೋಕಕ್ಕ ಅಕಿನ್ನೇ ಕರಕೊಂಡು ಹೋಗ್ತಾನ. ಅಲ್ಲಿ ಹಾಡು ನಡದಿತ್ತು, ಮುಗೀಲಿ ಅಂತ ನಿಂತ. ಅಷ್ಟ್ರಾಗ ಭೂಮಿ ಮ್ಯಾಲ 27 ಚತುರ್ಯುಗ ಹೋಗಿದ್ವು. ತಿರುಗಿ ಬಂದು ರೇವತಿನ್ನ ಬಲರಾಮಗ ಕೊಟ್ಟ. ಬ್ರಹ್ಮ ಹೇಳಿದ್ದು, ಅಪ್ಪ ಮಾಡಿದ್ದು, ಬಲರಾಮ ಕಟಗೊಂಡದ್ದು ಎಲ್ಲಾ ಬರದದ. ಗೆಳತ್ಯಾರು, ಅಕ್ಕತಂಗ್ಯಾರು, ಊರು-ಕೇರಿ ಎಲ್ಲಾ ಮಣ್ಣಾದ ಮ್ಯಾಲ ಆ ಹುಡುಗಿ ಎದಿ ಹೆಂಗಾಗಿರಬೇಕು ಅಂತ ಯಾರೂ ಕೇಳಲಿಲ್ಲ. ಈ ಕಂತು ಕೇಳಿದ್ದು ಅದನ್ನೇ. ಮಷೀನು ಹೆಂಗ ತಿರುಗ್ತದ ಅಂತ ಅಲ್ಲ, ತಿರುಗಿದ ಮ್ಯಾಲ ಒಳಗ ಕೂತಾಕಿಗೆ ಏನಾಗ್ತದ ಅಂತ. ಅದನ್ನ ಕೇಳಿದ ಕೂಡ್ಲೇ ಅದು ಸೀರಿಯಲ್ ಆಗಿಬಿಡ್ತದ!

ನೆಗೆಣ್ಣಿದು ಬ್ಯಾರೆ ತಕರಾರು. ಅಕಿ ಆಳಂದದಾಕಿ, ಮಾತು ಚಾಕು ಇದ್ದಂಗ. ‘ಅಷ್ಟು ದೊಡ್ಡ ಡಾಕ್ಟರ್, ಒಬ್ಬ ಹುಡುಗನ್ನ ಉಳಸ್ಲಾಕ ಆಗಲಿಲ್ಲೇನು? ನಿಂತು ನೋಡ್ಲಾಕ ಅಲ್ಲೀತನಕ ಹೋಗ್ಬೇಕಿತ್ತಾ?’ ಬ್ಯಾರೆ ದೇಶದಾಗ ನೋಡಿದವರೂ ಎಷ್ಟೋ ಮಂದಿ ಇದೇ ಅಂದಾರಂತ: ಈ ಡಾಕ್ಟರ್ ಏನೂ ಮಾಡ್ಲೇ ಇಲ್ಲ, ದೆವ್ವಗಳೂ ಏನೂ ಮಾಡಲಿಲ್ಲ. ಇದಕ್ಕ ನಾನು ಜರಾ ನಿಂತು ಉತ್ತರ ಕೊಡ್ತೀನಿ. ಪ್ರೇಮ್ ಉಳದ್ರ ಉಂಬ್ರೀನ್ ಅವನ ಜೋಡಿನೇ ಬಾಳೇವು ಮಾಡ್ತಿದ್ದಳು. ಆಗ ಯಾಸಳ ಅವ್ವ ಹುಟ್ಟತಿದ್ದಿಲ್ಲ, ಯಾಸೂ ಇರ್ತಿದ್ದಿಲ್ಲ. ಇದೇ ಧಾರಾವಾಹ್ಯಾಗ 2005ರಾಗ ‘ಫಾದರ್ಸ್ ಡೇ’ ಅಂತ ಕಂತು ಬಂದಿತ್ತು, ಮಗಳೇ ತೋರಿಸ್ಯಾಳ. ಅದ್ರಾಗ ಮಗಳೊಬ್ಬಾಕಿ ಹಿಂದಕ್ಕ ಹೋಗಿ ಸಾಯೂ ಅಪ್ಪನ್ನ ಎಳದು ಉಳಿಸ್ತಾಳ, ಅಷ್ಟಕ್ಕೇ ಲೋಕ ಹರಕೊಂಡು ಬೀಳ್ತದ. ಕಡೀಕ ಅಪ್ಪನೇ ತಿಳಕೊಂಡು ಗಾಡಿ ಕೆಳಗ ಹೋಗಬೇಕಾಗ್ತದ. ಅಂದ ಮ್ಯಾಲ ಯಾಸ್ ಸುಮ್ಮ ನಿಂತಿಲ್ಲ. ತನ್ನ ಹುಟ್ಟು ಯಾವ ಸಾವಿನ ಮ್ಯಾಲ ನಿಂತದ ಅಂತ ಗೊತ್ತಾಗಿ, ಅದನ್ನ ಹೊತ್ಕೊಂಡು ನಡದಾಳ. ಹೊಡದಾಡೂದು ಅದರಕ್ಕಿಂತ ಹಗುರು.

ಇನ್ನ ದೆವ್ವಗಳು. ಥಿಜೇರಿಯನ್ ಅಂತ ಹೆಸರು, ನೋಡ್ಲಾಕ ಹೆದರಿಕಿ ಬರಂಗ ಅದಾವ. ಮೊದಲ ಇವರೇ ಸಾಧುನ್ನ ಕೊಂದಾರಂತ ಡಾಕ್ಟರ್ ಸೈತ ತಿಳಕೊಳ್ತಾಳ. ಖರೆ ಹೇಳ್ಬೇಕಂದ್ರ ಅವರು ಒಂದು ಕಾಲದಾಗ ಕೊಲಿಗಾರರೇ. ಆದ್ರ ಅವರು ಇಲ್ಲದಾಗ ಅವರ ಲೋಕ ಪೂರಾ ಸುಟ್ಟು ಬೂದಿ ಆಯ್ತು, ಸತ್ತವರಿಗೆ ಅಳ್ಲಾಕ ಒಂದು ಜೀವ ಉಳೀಲಿಲ್ಲ. ಅಂದಿನಿಂದ ಕೊಲ್ಲೂದು ಬಿಟ್ಟು, ಯಾವ ಕಾಲದಾಗ, ಯಾವ ಜಾಗಾದಾಗ ಒಬ್ಬಂಟಿ ಸಾಯ್ತಾರೋ ಅವರ ಹತ್ರ ಹೋಗಿ ನಿಲ್ತಾರ. ‘ನಿನ್ನ ಸಾವು ನಾವು ನೋಡೀವಿ’ ಅನ್ನಲಾಕ. ಅಷ್ಟೇ ಅವರ ಕೆಲಸ. ‘ಇಷ್ಟಕ್ಕ ಏಲಿಯನ್ ಯಾಕ ಬೇಕು?’ ಅಂತ ಕೇಳ್ತಾನ ನಮ್ಮ ಇಂಜಿನಿಯರ್.

ಯಾಕ ಬೇಕು ಅಂತ ಅವಗ ಗೊತ್ತಾಗಿಲ್ಲ, ಅವನ ಅಜ್ಜಿಗೆ ಗೊತ್ತಾತು.

ನಮ್ಮತ್ತಿಗೆ ಇಂಗ್ಲೀಷ್ ಬರಂಗಿಲ್ಲ. ಮಗಳು ಬಾಜೂ ಕೂತು ನಡನಡುವ ಹೇಳ್ಕೋತ ಹೋದಳು. ಗಡಿಯಾರ ರಿಪೇರಿ ಮಾಡಿಸಬ್ಯಾಡ ಅಂದಾಗ ಅತ್ತಿ, ‘ಹೌದು ಮತ್ತ’ ಅಂದ್ರು, ಅಷ್ಟೇ. ಮುಗದ ಮ್ಯಾಲ ಗಂಡಸರು ಸೀರಿಯಲ್-ಸೀರಿಯಲ್ ಅನ್ಕೋತ ಎದ್ದು ಹೋದ್ರು. ಅತ್ತಿ ಟ್ರಂಕಿನ ತಳದಾಗ ಕೈ ಹಾಕಿ ಒಂದು ಕೀಲಿಕೈ ತೆಗದ್ರು. ಗೇಣುದ್ದದ್ದು, ಕಬ್ಬಿಣದ್ದು. ನಾವೆಲ್ಲಾ ಅದನ್ನ ನೋಡಿದ್ದೇ, ಹುಡುಗುರು ಆಡೂ ಸಾಮಾನು ಅದು, ಅದರ ಕೀಲಿ ಎಲ್ಲದ ಅಂತ ಕೇಳಿದ್ರ ‘ಎಲ್ಲೋ ಹೋತು’ ಅಂತಿದ್ರು. ಅವತ್ತು ತಾವೇ ಹೇಳಿದ್ರು. ‘ನನಗ ಆಗ ಎಂಟೋ ಒಂಬತ್ತೋ. ರಜಾಕಾರರ ಗದ್ದಲಕ್ಕ ಮನಿಗೆ ಕೀಲಿ ಹಾಕಿ ರಾತ್ರೋರಾತ್ರಿ ಭೀಮಾ ಹೊಳಿ ದಾಟಿದ್ವಿ. ತಿರುಗಿ ಬಂದಾಗ ಕೀಲಿಕೈ ಅವ್ವನ ಸೊಂಟದಾಗೇ ಇತ್ತು, ಬಾಗಿಲಾ ಇದ್ದಿಲ್ಲ.’ ಜರಾ ಹೊತ್ತು ಬಿಟ್ಟು ಇನ್ನೊಂದು ಮಾತು ಅಂದ್ರು: ‘ಬಾಜೂ ಮನಿ ಬಾಗಿಲಾ ಇತ್ತು. ಒಳಗ ಮಂದಿ ಇದ್ದಿಲ್ಲ. ಸಾಬರ ಮನಿ. ನನ್ನ ಓರಿಗೆ ಹುಡುಗಿ ಒಬ್ಬಾಕಿ ಇದ್ದಳು.’

ನಮ್ಮ ಬಾಜೂ ಮನಿ ಆಪಾ ಅಲ್ಲೇ ಕೂತಿದ್ರು. ಅವರು ಏನೂ ಅನ್ನಲಿಲ್ಲ. ಅವರ ಅವ್ವ ಇರೂತನಕ ಭಾವಿ ಕಡಿ ಮಾರಿ ಹಾಕಿ ಮಲಗ್ತಿದ್ದಿಲ್ಲ, ಯಾಕಂತ ಎಂದೂ ಹೇಳಲಿಲ್ಲ ಅಂತ ಅವರು ನನಗ ಹಿಂದೊಮ್ಮೆ ಹೇಳಿದ್ದು ನೆನಪಾತು.

ಈಗ ತಂಗೇರೆ, ನಮ್ಮ ಮಕ್ಕಳಿಗೆ ಇದು ಯಾರು ಹೇಳ್ಯಾರ? 1947ರ ಆಗಸ್ಟ್ 15ಕ್ಕ ದೇಶಕ್ಕ ಸ್ವಾತಂತ್ರ್ಯ ಬಂತು, ನಮಗ ಬರಲಿಲ್ಲ. ಆಳಂದ, ಅಫಜಲಪುರ, ನನ್ನ ತವರು ಜೇವರ್ಗಿ ಎಲ್ಲಾ ನಿಜಾಮರ ರಾಜ್ಯದಾಗ. ಹೊಳಿ ಆಚಿ ಕಡಿ ಬಿಜಾಪುರ ಜಿಲ್ಲಾ, ಅದು ಹಿಂದೂಸ್ತಾನ. ನಮ್ಮ ಅತ್ತಿ ಅವ್ವಗ ಭೀಮಿನೇ ಗಡಿ ಆಗಿತ್ತು. ಮುಂದಿನ ವರ್ಷ ಮೇದಾಗ ಬೀದರ್ ಜಿಲ್ಲಾ ಗೋರಟಾದಾಗ ರಜಾಕಾರರು ಊರ ಮಂದಿನ್ನ ಕೊಂದ್ರು. ಸೆಪ್ಟೆಂಬರ್ 13ಕ್ಕ ಫೌಜು ಬಂತು, 17ಕ್ಕ ನಿಜಾಮ ಶರಣಾದ. ಅದಾದ ಮ್ಯಾಲ ಹಳ್ಳಿಹಳ್ಳ್ಯಾಗ ಮುಸಲ್ಮಾನರ ಕೊಲಿ ಆದವು. ನೆಹರೂ ಅವರು ಪಂಡಿತ ಸುಂದರಲಾಲ್ ಅವರ ಸಮಿತಿನ್ನ ಕಳಿಸಿದ್ರು. 27,000ದಿಂದ 40,000 ಮಂದಿ ಸತ್ತಾರ ಅಂತ ಸಮಿತಿ ಅಂದಾಜು ಬರೀತು. ಭಾಳ ಹಾನಿ ಆದ ನಾಕು ಜಿಲ್ಲಾದಾಗ ನಮ್ಮ ಗುಲ್ಬರ್ಗಾನೂ ಒಂದು. ಆ ವರದಿ ಎಷ್ಟೋ ದಶಕ ಮಂದಿ ಕೈಗೇ ಸಿಗಲಿಲ್ಲ. ಸೆಪ್ಟೆಂಬರ್ 17 ಬಂದ್ರ ಝಂಡಾ ಏರ್ತದ, ಭಾಷಣ ಆಗ್ತಾವ. ಮೊದಲ ವಿಮೋಚನಾ ದಿನ ಅಂತಿದ್ವಿ, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಭಾಷಣದಾಗ ಸೊಂಟದ ಕೀಲಿಕೈ ಬರಂಗಿಲ್ಲ, ಬಾಜೂ ಮನಿ ಹುಡುಗಿನೂ ಬರಂಗಿಲ್ಲ. ನಡುವ ಏನಾತು ಅನ್ನೋದು ಮುದುಕ್ಯಾರ ಟ್ರಂಕಿನ್ಯಾಗ ಅದ. ಆ ಮುದುಕ್ಯಾರು ಬಾಯಿ ಬಿಟ್ರ ಅದಕ್ಕ ನಾವು ‘ಅಳೂದೇ ಅದ’ ಅಂತೀವಿ.

ಅದಕ್ಕೇ ನನಗ ಸಿಟ್ಟು. ‘ವಿನ್ಸೆಂಟ್ ಆ್ಯಂಡ್ ದ ಡಾಕ್ಟರ್’ ಅಂತ ಇದೇ ಧಾರಾವಾಹಿಯ 2010ರ ಕಂತು ಅದ. ವ್ಯಾನ್ ಗೋ ಅನ್ನೋ ಚಿತ್ರ ಬರಿಯೋನನ್ನ ಪ್ಯಾರಿಸಿನ ಮ್ಯೂಸಿಯಂಗೆ ಕರಕೊಂಡು ಬಂದು, ನೋಡು, ನಿನ್ನ ಚಿತ್ರಕ್ಕ ಲೋಕ ಹೆಂಗ ಮರುಳಾಗ್ಯದ ಅಂತ ತೋರಿಸ್ತಾರ. ಅಂವ ಅಳ್ತಾನ, ಡಾಕ್ಟರ್ ಜೋಡಿ ಬಂದಾಕಿ ಅಳ್ತಾಳ. ಆದ್ರೂ ಅಂವ ಉಳಿಯಂಗಿಲ್ಲ. ಅಲ್ಲೂ ದೆವ್ವಕ್ಕ ಭಾಳ ಕೆಲಸ ಇಲ್ಲ, ಅಲ್ಲೂ ಡಾಕ್ಟರ್ ಸಾವು ತಪ್ಪಿಸ್ಲಿಲ್ಲ. ಆ ಕಂತಿಗೆ ನಮ್ಮ ಇಂಜಿನಿಯರ್ ಕಣ್ಣು ಒರಸ್ಕೊಂಡು ‘ಕ್ಲಾಸಿಕ್’ ಅಂದಾನ, ನಾನೇ ಸಾಕ್ಷಿ. ಗಡ್ಡದ ಗಂಡಸು ಅತ್ರ ಕ್ಲಾಸಿಕ್, ಸೀರಿ ಉಟ್ಟಾಕಿ ಅತ್ರ ಸೀರಿಯಲ್, ಇದು ಯಾವ ಊರ ನ್ಯಾಯ?

ಕಂತಿನ್ಯಾಗ ತಪ್ಪಿಲ್ಲ ಅಂತ ನಾ ಅನ್ನಂಗಿಲ್ಲ. ಗಡಿ ಎಳದದ್ದು ರ‍್ಯಾಡ್‌ಕ್ಲಿಫ್ ಅನ್ನೋ ಬಿಳಿ ಸಾಹೇಬ, ಅದಕ್ಕ ಮೊದಲ ಈ ದೇಶಕ್ಕ ಕಾಲೇ ಇಟ್ಟವ ಅಲ್ಲ, ಐದು ವಾರದಾಗ ಎಳದು ಮುಗಿಸಿದ. ಕಂತಿನ್ಯಾಗ ತಮ್ಮ ಅಣ್ಣನ್ನ ಕೊಲ್ಲಿಸಿದ್ದು ಕಣ್ಣಿಗೆ ಕಾಣ್ತದ, ಸಾಹೇಬನ ಕೈ ಅಷ್ಟು ಕಾಣಂಗಿಲ್ಲ. ಬಿಬಿಸಿಯವರು ತಮ್ಮ ಮನಿ ಅಂಗಳ ಜರಾ ಹಗೂರ ಬಳದಾರ ಅಂದ್ರ ನಾನೂ ಹೂಂ ಅಂತೀನಿ. ಮತ್ತ ಅದು ಪಂಜಾಬಿನ ನೆಲಾನೂ ಅಲ್ಲ. ಅತ್ತಿ ನೋಡಿದ ಕೂಡ್ಲೇ, ‘ಇಂಥ ಒಣಾ ಗುಡ್ಡದಾಗ ಗೋದಿ ಎಲ್ಲಿ ಬೆಳೀತದವ್ವಾ?’ ಅಂದ್ರು. ಮಗಳು ಹುಡುಕಿ ನೋಡಿದ್ರ ಸ್ಪೇನ್ ದೇಶದಾಗ ತೆಗದಾರ! ಇಂಥ ತಕರಾರು ಮಾಡ್ರಿ, ಕೂತು ಕೇಳ್ತೀನಿ.

ಕಡೀ ಸೀನಿಗೆ ನನಗೂ ನೆಗೆಣ್ಣಿಗೂ ಇನ್ನೂ ಜಗಳ ನಡದದ. ಯಾಸ್ ತಿರುಗಿ ಮನಿಗೆ ಬರ್ತಾಳ. ಗಡಿಯಾರದ ಸುದ್ದಿ ಕೇಳ್ತೀಯೇನು ಅಂತ ನಾನಿ ತಾನೇ ಕೇಳ್ತಾಳ. ಯಾಸ್ ಇನ್ನೊಂದಿನ ಹೇಳು ಅಂತಾಳ. ಮೊಮ್ಮಗಳ ಕೈಯಾಗ 1947ರ ಲಗ್ನದಾಗ ಹಚ್ಚಿದ ಮೆಹಂದಿ ಇನ್ನೂ ಅದ, ನಾನಿ ಅದನ್ನ ನೋಡಿ ಛಲೋ ಹಚ್ಚಿಲ್ಲ ಅಂತಾಳ. ನೆಗೆಣ್ಣಿ ಅಂತಾಳ, ಅಲ್ಲೇ ಕೇಳಬೇಕಿತ್ತು, ಮುದುಕಿ ಎಷ್ಟು ದಿನ ಇರ್ತಾಳ. ನಾ ಅಂತೀನಿ, ಯಾಸ್ ಕಣ್ಣಾರೆ ನೋಡಿ ಬಂದಾಳ, ಅಕಿಗೆ ನಡೀತದ, ಮುದುಕಿಗೆ ಎರಡನೇ ಸಲ ಅಳಸೂದು ಬ್ಯಾಡ ಅನಿಸ್ಯದ. ಹಂಗ ಅಂದು ನಾನೇ ಮರುದಿನ ರೊಟ್ಟಿ ಬಡಿಯೂದು ಬಿಟ್ಟು ಅತ್ತಿ ಹತ್ರ ಕೂತು, ಬಾಜೂ ಮನಿ ಹುಡುಗಿ ಹೆಸರು ಏನಿತ್ರಿ ಅಂತ ಕೇಳಿದೆ. ಅತ್ತಿ ಹೇಳಿದ್ರು. ಮಗಳು ಬರಕೊಂಡಾಳ, ಆಪಾಗೂ ಹೇಳೀವಿ. ಇಲ್ಲಿ ಹಾಕಂಗಿಲ್ಲ.

ಕಂತು 50 ನಿಮಿಷದ್ದು, ಮಗಳು ನನ್ನ ಫೋನಿನ್ಯಾಗ ಹಾಕಿ ಹೋಗ್ಯಾಳ. ನೋಡಬೇಕಂದ್ರ ಮಧ್ಯಾಹ್ನ ಊಟ ಆದ ಮ್ಯಾಲ ಬರ್ರಿ, ಮನ್ಯಾಗಿನ ಮುದುಕ್ಯಾರನ್ನೂ ಕರಕೊಂಡು ಬರ್ರಿ, ಇಂಗ್ಲೀಷ್ ನಾನೇ ಬಿಡಿಸಿ ಹೇಳ್ತೀನಿ. ‘ಮುಂದ ಏನಾಗ್ತದ, ಮುಂದ ಏನಾಗ್ತದ’ ಅಂತ ನಡುವ ಕೇಳೋರು ಮಾತ್ರ ಆ ಕಡಿ ಮಂಚದ ಮ್ಯಾಲ ಕೂಡ್ರಿ.