ಓದುಮನೆ ತಂಪಾಗಿರಲಿ

ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಹಳ್ಳಿ ಗ್ರಂಥಾಲಯದ ಕಾಂಕ್ರೀಟ್ ತಾರಸಿಯ ಕೆಳಗೆ ಪುಸ್ತಕ ಹಿಡಿದು ಅರ್ಧ ಗಂಟೆ ಕೂರುವುದೂ ಕಷ್ಟ. ಹಗಲಿಡೀ ಬಿಸಿಲು ಕುಡಿದ ತಾರಸಿ ಸಂಜೆಗೆ, ಮಕ್ಕಳು ಶಾಲೆ ಮುಗಿಸಿ ಬರುವ ಹೊತ್ತಿಗೆ ಸರಿಯಾಗಿ, ಆ ಕಾವನ್ನು ಕೋಣೆಯೊಳಕ್ಕೆ ಇಳಿಸುತ್ತದೆ. ಕರೆಂಟು ಹೋದರೆ ಫ್ಯಾನೂ ಇಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ, ಹಲವೆಡೆ ಕಂಪ್ಯೂಟರ್ ಬಂದಿರುವುದು ಸಂತಸದ ಸಂಗತಿ. ಕಟ್ಟಡದ ಬಗ್ಗೆ ಅಷ್ಟೇ ಕಾಳಜಿ ಕಾಣುತ್ತಿಲ್ಲ. ಬೀದರಿನಿಂದ ಕೊಡಗಿನವರೆಗೆ ಒಂದೇ ನಕ್ಷೆ ಹೊಂದದು. ಬಯಲುಸೀಮೆಗೆ ದಪ್ಪ ಗೋಡೆ, ಉತ್ತರ ದಕ್ಷಿಣಕ್ಕೆ ಕಿಟಕಿ, ಪಡುವಣಕ್ಕೆ ಮರದ ನೆರಳು ಬೇಕು. ಮಲೆನಾಡಿಗೆ ಮುಂದಕ್ಕೆ ಚಾಚಿದ ಹೆಂಚಿನ ಸೂರು, ಎತ್ತರದ ಜಗಲಿ. ಇಲ್ಲವಾದರೆ ಒಂದೇ ಮಳೆಗಾಲಕ್ಕೆ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ.

ಇದಕ್ಕೆ ದೂರದ ಪರಿಣತರು ಬೇಡ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರವೇ, ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ, ಸುಡಬೇಕಿಲ್ಲದ ಮಣ್ಣಿನ ಇಟ್ಟಿಗೆಯಲ್ಲಿ ಮನೆ ಕಟ್ಟಿ ತೋರಿಸಿದೆ. ಹಣದ ದಾರಿಯೂ ಇದೆ: 1965ರ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 6ರ ಕರವನ್ನು ಜನ ಕಟ್ಟುತ್ತಿದ್ದಾರೆ. ಆ ದುಡ್ಡು ಗ್ರಂಥಾಲಯಕ್ಕೇ ತಲುಪಲಿ. ಮುಂದಿನ ಅಂದಾಜುಪಟ್ಟಿ ಬರೆಯುವ ಎಂಜಿನಿಯರ್, ಮೊದಲು ಒಂದು ಬೇಸಿಗೆಯ ಮಧ್ಯಾಹ್ನ ಆ ಕೋಣೆಯಲ್ಲಿ ಓದುಗರ ಜೊತೆ ಕುಳಿತು ನೋಡಲಿ.