ಪಿಸ್ತೂಲಿಗಿಂತ ಮೊದಲು ಪೆಟ್ಟಿಗೆ

ಕಳೆದ ಮೆಣಸಿನ ಕೊಯ್ಲಿನ ಕಾಲದಲ್ಲಿ ಕೊಟ್ಟಿಗೆಹಾರದ ಹೋಟೆಲೊಂದರಲ್ಲಿ ನೀರುದೋಸೆಗಾಗಿ ಕಾಯುತ್ತ ಕುಳಿತಿದ್ದಾಗ, ಕಾಫಿ ಮತ್ತು ಕಾಳುಮೆಣಸಿನ ಖರೀದಿ ನಡೆಸುವ ನಮ್ಮ ಸದಸ್ಯ ಮಿತ್ರರೊಬ್ಬರು ಬಂದು ಎದುರಿಗೆ ಕುಳಿತರು. ಕುಶಲೋಪರಿಯ ನಂತರ ದನಿ ತಗ್ಗಿಸಿ, "ಒಂದು ಪಿಸ್ತೂಲ್ ತಗೊಳ್ಳೋಣ ಅಂತಿದ್ದೇನೆ ಮಾರಾಯ್ರೆ, ನಿಮ್ಮ ಹತ್ರ ಒಂದಿದೆಯಲ್ಲ, ಯಾವುದು ಒಳ್ಳೇದು?" ಎಂದು ಕೇಳಿದರು. ಯಾವ ಮಾದರಿ, ಎಷ್ಟು ಬೆಲೆ, ಯಾರನ್ನು ಕಾಣಬೇಕು ಎಂಬುದನ್ನೆಲ್ಲ ವಿವರವಾಗಿ ವಿಚಾರಿಸಿದ ಅವರು, ತಂದ ಮೇಲೆ ಮನೆಯಲ್ಲಿ ಎಲ್ಲಿ ಇಡಬೇಕೆಂಬ ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ನಾನಾಗಿ ಕೇಳಿದಾಗ, "ಗಲ್ಲಾದ ಡ್ರಾಯರಿನಲ್ಲಿ, ಮತ್ತೆಲ್ಲಿ?" ಎಂದರು. ಈ ಲೇಖನಕ್ಕೆ ಆ ಉತ್ತರವೇ ಪ್ರೇರಣೆ.

ಮಿತ್ರರ ಆತಂಕ ಆಧಾರರಹಿತವಲ್ಲ. 2024-25ರಲ್ಲಿ ಕಾಫಿಯ ಬೆಲೆ ದಾಖಲೆಯ ಎತ್ತರಕ್ಕೇರಿದ ಮೇಲೆ ಕಣದಲ್ಲಿ ಒಣಗುತ್ತಿರುವ ಹಣ್ಣಿಗೂ, ಗೋದಾಮಿನ ಮೂಟೆಗೂ ಕಳ್ಳರ ಭಯ ಹೆಚ್ಚಿದೆ. ಮಂಜು ಮುಸುಕಿದ ಚಾರ್ಮಾಡಿ ಘಾಟಿಯಲ್ಲಿ ರಾತ್ರಿ ಹೊತ್ತು ಹಣದ ಚೀಲದೊಂದಿಗೆ ಇಳಿದು ಹತ್ತುವವನ ಎದೆಬಡಿತ ಹೇಗಿರುತ್ತದೆಂಬುದು ಈ ಭಾಗದ ವರ್ತಕರಿಗೆ ತಿಳಿದೇ ಇದೆ. ಆದರೆ ಮಲೆನಾಡಿನ ಮನೆಗಳಲ್ಲಿ ಕೋವಿ ಇರುವುದು ಒಂದು ಮಾತು, ಕಿಸೆಯಲ್ಲಿ ಹಿಡಿಸುವ ಆಯುಧ ಇರುವುದು ಬೇರೆಯೇ ಮಾತು. ಈ ವ್ಯತ್ಯಾಸವನ್ನು ಕಾನೂನು ಗುರುತಿಸಿದೆ, ನಾವು ಗುರುತಿಸಿಲ್ಲ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮನ್ನು ಗಮನಿಸಬೇಕು. ರಕ್ಷಣೆಗಾಗಿ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನೋ, ಬೆಳೆ ಕಾಯಲು ಮದ್ದು ತುಂಬುವ ಕೇಪಿನ ಕೋವಿಯನ್ನೋ ಕೇಳಿದವರಿಗೆ ಕಾಯ್ದೆ ಉದಾರವಾಗಿದೆ. ರಿವಾಲ್ವರ್ ಅಥವಾ ಪಿಸ್ತೂಲು ಕೇಳಿದವನು ಮಾತ್ರ ಅದಕ್ಕೆ ತಕ್ಕ ಕಾರಣವಿದೆಯೆಂದು ಪರವಾನಗಿ ಪ್ರಾಧಿಕಾರಕ್ಕೆ, ಅಂದರೆ ಜಿಲ್ಲಾಧಿಕಾರಿಗಳಿಗೆ, ಮನವರಿಕೆ ಮಾಡಿಕೊಡಬೇಕು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು, ಠಾಣೆಯ ವರದಿ ಬರಬೇಕು, ವೈದ್ಯಕೀಯ ಪ್ರಮಾಣಪತ್ರ ಇರಬೇಕು. ಕೊಡಗಿನಲ್ಲಿ ಲೈಸೆನ್ಸೇ ಬೇಡವಂತಲ್ಲ, ನಮಗೇಕೆ ಈ ಕಷ್ಟವೆಂದು ಕೇಳುವವರಿದ್ದಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಹಿಡುವಳಿದಾರರಿಗೆ ಮಾತ್ರ ಸೀಮಿತವಾದುದು; 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿದ ಅದನ್ನು 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಮೂಡಿಗೆರೆ ಸೀಮೆಗೆ ಅದರ ಗಾಳಿಯೂ ಸೋಕುವುದಿಲ್ಲ. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಅಪ್ಪನ ಕಾಲದ ಜೋಡುನಳಿಗೆ ಮತ್ತು ಇನ್ನೊಂದು ಕೋವಿ ಈಗಾಗಲೇ ಹೆಸರಿನಲ್ಲಿದ್ದರೆ ಪಿಸ್ತೂಲಿನ ಮಾತೇ ಬರುವುದಿಲ್ಲ. ಪರವಾನಗಿಯ ಅವಧಿ ಮಾತ್ರ ಮೂರರಿಂದ ಐದು ವರ್ಷಕ್ಕೆ ಏರಿದೆ.

ನಾಗರಿಕರು ಕೊಳ್ಳಬಹುದಾದುದು ನಿಷೇಧಿತವಲ್ಲದ ಬೋರಿನ ಆಯುಧ ಮಾತ್ರ. 9 ಎಂ.ಎಂ. ಪಿಸ್ತೂಲಿನ ಆಸೆ ಬಿಡಬೇಕು. ಸಾಮಾನ್ಯವಾಗಿ ದೊರೆಯುವುದು .32 ಬೋರಿನ ರಿವಾಲ್ವರ್ ಅಥವಾ ಅದೇ ಅಳತೆಯ ಪಿಸ್ತೂಲು. ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಸುಮಾರು ಅರ್ಧ ಕಿಲೋ ತೂಕದ 'ನಿರ್ಭೀಕ್' ರಿವಾಲ್ವರನ್ನು ಹೊರತಂದಾಗ ಅದರ ಬೆಲೆ ಲಕ್ಷ ರೂಪಾಯಿಗೂ ಮೇಲಿತ್ತು. ಆನೆಯ ಕಾಟವನ್ನು ಕಾರಣವಾಗಿ ತೋರಿಸಿ ಇಂಥದನ್ನು ಕೇಳುವವರಿದ್ದಾರೆ. .32 ಗುಂಡಿನಿಂದ ಆನೆಗೆ ಆಗುವುದೇನೂ ಇಲ್ಲ, ಹಾರಿಸಿದವನಿಗೆ ಆಗುವುದು ಬಹಳ. ವನ್ಯಜೀವಿ ಕಾಯ್ದೆ ಅದರ ಮೇಲೆ ಬೇರೆ.

ಮೊದಲ ಸಲ ಕೊಳ್ಳುವವರು ರಿವಾಲ್ವರ್ ಮತ್ತು ಪಿಸ್ತೂಲಿನ ನಡುವಿನ ಒಂದು ಭೇದವನ್ನು ಅಂಗಡಿಯಲ್ಲಿಯೇ ಕೈಯಾರೆ ನೋಡಿ ತಿಳಿಯುವುದು ಅತ್ಯಗತ್ಯ. ರಿವಾಲ್ವರನ್ನು ತೆರೆದರೆ ಸಿಲಿಂಡರಿನ ಎಲ್ಲ ಕೋಣೆಗಳೂ ಕಣ್ಣಿಗೆ ಬೀಳುತ್ತವೆ. ತೋಟಾ ಇದೆಯೇ ಇಲ್ಲವೇ ಎಂಬುದರಲ್ಲಿ ಸಂಶಯವಿಲ್ಲ. ಪಿಸ್ತೂಲಿನಲ್ಲಿ ಹಾಗಲ್ಲ. ಹಿಡಿಯೊಳಗಿನ ಮ್ಯಾಗಜೀನನ್ನು ಹೊರತೆಗೆದ ಮೇಲೂ ನಳಿಗೆಯ ಬುಡದಲ್ಲಿ ಒಂದು ತೋಟಾ ಉಳಿದಿರಬಹುದು. ಮ್ಯಾಗಜೀನ್ ಕೈಯಲ್ಲಿದೆ, ಆದ್ದರಿಂದ ಆಯುಧ ಖಾಲಿ ಎಂದು ನಂಬುವುದೇ ಮೊದಲ ಬಾರಿ ಪಿಸ್ತೂಲು ಹಿಡಿದವರ ದೊಡ್ಡ ತಪ್ಪು. ಮೊದಲು ಮ್ಯಾಗಜೀನ್ ತೆಗೆಯಬೇಕು, ಆಮೇಲೆ ಸ್ಲೈಡ್ ಹಿಂದಕ್ಕೆಳೆದು ಒಳಗಿರುವ ತೋಟಾ ಹೊರಬೀಳಿಸಬೇಕು, ಆಮೇಲೆ ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಬೇಕು. ಇಷ್ಟನ್ನೂ ಮಾಡುವಾಗ ಬೆರಳು ಟ್ರಿಗರಿನಿಂದ ದೂರವಿದ್ದು, ಮೂತಿ ಯಾರೂ ಇಲ್ಲದ ದಿಕ್ಕಿಗಿರಬೇಕು. ಕೋವಿಯ ಉದ್ದ ನಳಿಗೆ ತಾನು ಎತ್ತ ತಿರುಗಿದೆಯೆಂದು ಎಲ್ಲರಿಗೂ ಸಾರುತ್ತದೆ. ಪಿಸ್ತೂಲು ಮಣಿಕಟ್ಟಿನ ಸಣ್ಣ ತಿರುವಿಗೆ ಪಕ್ಕದಲ್ಲಿ ಕುಳಿತವರ ಕಡೆಗೆ ತಿರುಗಿರುತ್ತದೆ.

ಇನ್ನು ನನ್ನ ಮಾತು. 2006ರಲ್ಲಿ ನಾನು .32 ರಿವಾಲ್ವರ್ ಕೊಂಡೆ. ಆ ಕಾಲಕ್ಕೆ ನನ್ನ ಮಟ್ಟಿಗೆ ಅದು ದೊಡ್ಡ ಮೊತ್ತ. ಮಂಡಿಯಿಂದ ಮನೆಗೆ ಬಂದು ಅದನ್ನು ಲೆಕ್ಕದ ಪುಸ್ತಕಗಳ ಕೆಳಗೆ, ಮೇಜಿನ ಡ್ರಾಯರಿನಲ್ಲಿ ಇಡುವುದು ರೂಢಿಯಾಯಿತು. ಡ್ರಾಯರಿಗೆ ಬೀಗವಿತ್ತು; ಬೀಗದ ಕೈ ಸಹ ಅದೇ ಬೀಗದಲ್ಲಿ ನೇತಾಡುತ್ತಿತ್ತು. 2017ರ ಬೇಸಿಗೆ ರಜೆಯಲ್ಲಿ ಊರಿಗೆ ಬಂದಿದ್ದ ಏಳು ವರ್ಷದ ಮೊಮ್ಮಗ, ಜಗಲಿಯಲ್ಲಿ ರೈಟರ ಜೊತೆ ಲೆಕ್ಕ ನೋಡುತ್ತಿದ್ದ ನನ್ನ ಬಳಿಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು, "ಅಜ್ಜಾ, ಇದು ನಿಜದ್ದಾ?" ಎಂದು ಕೇಳಿದ. ಒಳಗೆ ಐದು ತೋಟಾ ಇದ್ದವು. ಏನೂ ಆಗಲಿಲ್ಲ. ಏನೂ ಆಗದಿದ್ದುದರಲ್ಲಿ ನನ್ನ ಜಾಣತನದ ಪಾಲು ಕಿಂಚಿತ್ತೂ ಇಲ್ಲ. ಮಗುವಿನ ಕೈಯಿಂದ ಅದನ್ನು ಬಿಡಿಸಿಕೊಂಡ ರೈಟರು ಆ ದಿನ ನನ್ನ ಮುಖ ನೋಡಲಿಲ್ಲ. ನನ್ನ ಸೊಸೆ ಮಾರನೆಯ ದಿನವೇ ಮಗುವನ್ನು ಕರೆದುಕೊಂಡು ಬೆಂಗಳೂರಿಗೆ ಹೊರಟಳು. ಆಯುಧಕ್ಕೆ ಅಷ್ಟು ಹಣ ಕೊಟ್ಟ ನಾನು ಒಂದು ಕಬ್ಬಿಣದ ಪೆಟ್ಟಿಗೆಗೆ ಕೆಲವು ಸಾವಿರ ಖರ್ಚು ಮಾಡಲು ಹನ್ನೊಂದು ವರ್ಷ ತೆಗೆದುಕೊಂಡಿದ್ದೆ.

ಆದಕಾರಣ ನನ್ನ ಸ್ಪಷ್ಟ ಅಭಿಪ್ರಾಯವೇನೆಂದರೆ, ಅರ್ಜಿ ಸಲ್ಲಿಸುವುದಕ್ಕಿಂತ ಮೊದಲು ಪೆಟ್ಟಿಗೆ ಗೋಡೆಗೆ ಬಿಗಿಯಾಗಿರಬೇಕು. ದಪ್ಪ ಉಕ್ಕಿನ ಸಣ್ಣ ತಿಜೋರಿ, ಗೋಡೆಗೋ ನೆಲಕ್ಕೋ ಬೋಲ್ಟು ಹಾಕಿದ್ದು. ಹಗುರವಾದ ಪೆಟ್ಟಿಗೆಯನ್ನು ಕಳ್ಳ ಹಾಗೆಯೇ ಹೊತ್ತೊಯ್ಯುತ್ತಾನೆ. ಬಟ್ಟೆಬರೆ ಇಡುವ ಬೀರು ಇದಕ್ಕೆ ಬದಲಿಯಲ್ಲ, ಏಕೆಂದರೆ ಅದರ ಬೀಗದ ಕೈ ಮನೆಯವರೆಲ್ಲರಿಗೂ ಗೊತ್ತಿರುತ್ತದೆ. ಆಯುಧ ಖಾಲಿಯಾಗಿ ಒಂದು ಬೀಗದಲ್ಲಿ, ತೋಟಾ ಬೇರೆ ಬೀಗದಲ್ಲಿ. ಬೀಗದ ಕೈ ಅಥವಾ ಸಂಖ್ಯೆ ಪರವಾನಗಿದಾರನೊಬ್ಬನಲ್ಲಿ ಮಾತ್ರ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸುರಕ್ಷಿತವಾಗಿ ಇಡುವ ಬಗ್ಗೆ ಅರ್ಜಿದಾರನಿಂದ ಮುಚ್ಚಳಿಕೆ ಪಡೆಯುವ ಕ್ರಮವಿದೆ. ನಮ್ಮಲ್ಲಿ ಎಷ್ಟು ಜನ ಅದಕ್ಕೆ ಓದದೆ ಸಹಿ ಹಾಕಿದ್ದೇವೆಂದು ಆತ್ಮಸಾಕ್ಷಿಯನ್ನು ಕೇಳಿಕೊಳ್ಳಬೇಕು.

ಬೀಗ ಹಾಕಿಟ್ಟ ಪಿಸ್ತೂಲು ದರೋಡೆಯ ವೇಳೆ ಯಾವ ಉಪಯೋಗಕ್ಕೆ ಬರುತ್ತದೆ ಎಂಬ ಆಕ್ಷೇಪ ಸಹಜ. ಅದನ್ನು ತಳ್ಳಿಹಾಕುವಂತಿಲ್ಲ, ಅರ್ಧ ನಿಮಿಷ ತಡವಾಗುವುದು ನಿಜ. ಆದರೆ ದರೋಡೆಕೋರ ಬರುವ ರಾತ್ರಿ ಜೀವಮಾನದಲ್ಲಿ ಒಂದಿರಬಹುದು, ಇಲ್ಲದೆಯೂ ಇರಬಹುದು. ಉಳಿದೆಲ್ಲ ದಿನ ಆ ಡ್ರಾಯರಿನ ಬಳಿ ಓಡಾಡುವವರು ನಮ್ಮ ಮಕ್ಕಳು, ಕೆಲಸದವರು ಮತ್ತು ನಾವು.

'ನಾವು' ಎಂಬ ಪದವನ್ನು ಉದ್ದೇಶಪೂರ್ವಕವಾಗಿಯೇ ಬಳಸಿದ್ದೇನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 2 ಕೋಟಿ 60 ಲಕ್ಷ ವಯಸ್ಕರನ್ನು ಹನ್ನೆರಡು ವರ್ಷ ಗಮನಿಸಿ, 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೊದಲ ಬಾರಿಗೆ ಕೈಬಂದೂಕು ಕೊಂಡವರನ್ನು ಕೊಳ್ಳದವರೊಡನೆ ಹೋಲಿಸಿದಾಗ, ಪುರುಷರಲ್ಲಿ ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಂಡವರ ಪ್ರಮಾಣ ಸುಮಾರು ಎಂಟು ಪಟ್ಟಿತ್ತು. ಕೊಂಡ ಹೊಸತರಲ್ಲಿಯೇ ಅಪಾಯ ಅತ್ಯಧಿಕವಾಗಿತ್ತು. ಆ ದೇಶದ ಲೆಕ್ಕ ನಮಗೆ ಹಾಗೆಯೇ ಅನ್ವಯವಾಗದಿರಬಹುದು. ಆದರೆ 2001-02ರ ಸುಮಾರಿಗೆ ಕಾಫಿಯ ಬೆಲೆ ನೆಲಕಚ್ಚಿದಾಗ ಈ ಬೆಟ್ಟಗಳಲ್ಲಿ ಮನೆಮನೆಯ ಸ್ಥಿತಿ ಹೇಗಿತ್ತೆಂದು ನಮ್ಮ ಪೀಳಿಗೆ ಮರೆತಿಲ್ಲ. ಬೆಲೆ ಏರಿದ್ದು ಇಳಿಯುವುದೂ ಉಂಟು. ಸಾಲದ ಕಾಗದ ಕೈಯಲ್ಲಿ ಹಿಡಿದು ನಿದ್ದೆಯಿಲ್ಲದೆ ಕುಳಿತ ರಾತ್ರಿಯಲ್ಲಿ ಆಯುಧಕ್ಕೂ ಮನುಷ್ಯನಿಗೂ ನಡುವೆ ಎರಡು ಬೀಗ ಇದ್ದರೆ ಆ ಅರ್ಧ ನಿಮಿಷವೇ ಒಂದು ಜೀವ ಉಳಿಸೀತು. ಮನೆಯಲ್ಲಿ ಯಾರಾದರೂ ಹಾಗೆ ಕುಗ್ಗಿರುವುದು ಕಂಡರೆ ಸಂಕೋಚವಿಲ್ಲದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು, ಆಯುಧವನ್ನು ಕೆಲಕಾಲ ಠಾಣೆಯಲ್ಲೋ ಅಧಿಕೃತ ವ್ಯಾಪಾರಿಯಲ್ಲೋ ಒಪ್ಪಿಸಿ ರಸೀದಿ ಪಡೆಯಬೇಕು. ಇದರಲ್ಲಿ ಮರ್ಯಾದೆ ಹೋಗುವಂಥದೇನೂ ಇಲ್ಲ.

ನಮ್ಮ ಹವಾಮಾನದ ಬಗ್ಗೆಯೂ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರು ನಮ್ಮದು. ತೊಗಲಿನ ಚೀಲದಲ್ಲಿ ಹಾಕಿ ಪೆಟ್ಟಿಗೆಯೊಳಗಿಟ್ಟ ಆಯುಧ ಆಷಾಢ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ, ಏಕೆಂದರೆ ತೊಗಲು ತೇವವನ್ನು ಹೀರಿ ಹಿಡಿದಿಡುತ್ತದೆ. ತೆಳುವಾಗಿ ಎಣ್ಣೆ ಸವರಿ, ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣದೊಂದಿಗೆ ಒಣ ಬಟ್ಟೆಯ ಮೇಲಿಟ್ಟು, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಒರೆಸುವುದು ಲೇಸು. ತೋಟಾಗಳಿಗೆ ಎಣ್ಣೆ ತಾಗಬಾರದು. ತೇವ ತಗುಲಿದ ತೋಟಾ ಒಮ್ಮೊಮ್ಮೆ ಹಾರದೆ ತಡೆದು, ಕ್ಷಣ ಬಿಟ್ಟು ಹಾರುವುದುಂಟು. ಅಂಥ ವೇಳೆ ಮೂತಿಯನ್ನು ಸುರಕ್ಷಿತ ದಿಕ್ಕಿನಲ್ಲಿಯೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕು. ತೆರೆದು ಇಣುಕುವ ಆತುರ ಕೂಡದು.

ವರ್ತಕರಾದ ನಾವು ವಿಶೇಷವಾಗಿ ಮಾಡುವ ಇನ್ನೊಂದು ತಪ್ಪಿದೆ. ಕೊಯ್ಲಿನ ಕಾಲದಲ್ಲಿ ಕಣ ಕಾಯುವ ಆಳಿನ ಕೈಗೆ ರಾತ್ರಿ ಕೋವಿ ಕೊಡುವುದು. ಪರವಾನಗಿಯಲ್ಲಿ ಹೆಸರಿಲ್ಲದವನ ಕೈಗೆ ಹೀಗೆ ಆಯುಧ ಒಪ್ಪಿಸಿ ಮನೆಗೆ ಹೋಗಿ ಮಲಗುವುದು ಅಪರಾಧ. ಕೊಟ್ಟವನೂ ಸಿಕ್ಕಿಕೊಳ್ಳುತ್ತಾನೆ, ಪಡೆದವನೂ ಸಿಕ್ಕಿಕೊಳ್ಳುತ್ತಾನೆ. ಇನ್ನು ಗುಂಡು ಹಾರಿಸುವ ವಿಚಾರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಆತ್ಮರಕ್ಷಣೆಯ ಹಕ್ಕು ಹಿಂದಿನಂತೆಯೇ ಇದೆ, ಮಿತಿಯೂ ಹಿಂದಿನಂತೆಯೇ ಇದೆ. ದರೋಡೆ, ರಾತ್ರಿ ಕನ್ನ ಹಾಕಿ ಮನೆ ನುಗ್ಗುವುದು, ಜೀವಭಯ ಹುಟ್ಟಿಸುವಂಥ ಕಳವು, ಇಂಥ ಸಂದರ್ಭಗಳ ಮಾತು ಬೇರೆ. ಮೂಟೆ ಎಸೆದು ಓಡುತ್ತಿರುವ ಮೆಣಸುಕಳ್ಳನ ಬೆನ್ನಿಗೆ ಗುಂಡು ಹಾರಿಸಿದವನು ನ್ಯಾಯಾಲಯದಲ್ಲಿ ಆರೋಪಿಯಾಗಿಯೇ ನಿಲ್ಲಬೇಕಾಗುತ್ತದೆ. ಒಂದು ಮೂಟೆ ಮೆಣಸಿನ ಬೆಲೆ ವಕೀಲರ ಮೊದಲ ಕಂತಿಗೂ ಸಾಲದು.

ಹಣದ ಚೀಲವೇ ಭಯದ ಮೂಲವಾಗಿದ್ದರೆ ಚೀಲವನ್ನು ಕಡಿಮೆ ಮಾಡುವುದು ಮೊದಲ ಉಪಾಯ. 2017ರಿಂದ ಆದಾಯ ತೆರಿಗೆ ಕಾನೂನಿನ ಪ್ರಕಾರ ಒಬ್ಬರಿಂದ ಒಂದು ದಿನಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವಂತಿಲ್ಲ. ಬೆಳೆಗಾರನಿಗೆ ಬ್ಯಾಂಕಿನ ಮೂಲಕ ಪಾವತಿ ಮಾಡಿದರೆ ತೆರಿಗೆಯ ತಕರಾರೂ ಇಲ್ಲ, ಘಾಟಿಯ ಭಯವೂ ಇಲ್ಲ. ಕೆಲವು ಬೆಳೆಗಾರರು ನಗದನ್ನೇ ಕೇಳುತ್ತಾರೆಂಬುದು ನಿಜ; ಅದಕ್ಕಾಗಿ ನಾವು ರಿವಾಲ್ವರ್ ಹೊತ್ತು ತಿರುಗಬೇಕೆಂಬುದು ನನಗೆ ಒಪ್ಪಿಗೆಯಿಲ್ಲ. ನನ್ನ ಖರೀದಿಯ ಪಾವತಿ ಬಹುಪಾಲು ಖಾತೆಯ ಮೂಲಕ ಆಗತೊಡಗಿದ ಮೇಲೆ ಆ ಪೆಟ್ಟಿಗೆಯ ಬಾಗಿಲು ಒರೆಸುವುದಕ್ಕೆ ಹೊರತು ತೆರೆದಿಲ್ಲ.

ನಮ್ಮ ಸಂಸ್ಥೆಯಿಂದ ಆಗಬೇಕಾದ ಎರಡು ಕೆಲಸಗಳಿವೆ. ಚುನಾವಣೆ ಬಂದಾಗಲೆಲ್ಲ ಪರವಾನಗಿದಾರರು ಆಯುಧಗಳನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. ಯಾರದು ಒಪ್ಪಿಸಬೇಕು, ಯಾರಿಗೆ ವಿನಾಯಿತಿ ಎಂಬುದನ್ನು ಪರಿಶೀಲನಾ ಸಮಿತಿ ನಿರ್ಧರಿಸಬೇಕೆಂಬ ಕ್ರಮವಿದೆ. ಬೆಳೆ ಕಾಯುವ ಕೋವಿಗಳ ವಿಷಯದಲ್ಲಿ ಆ ಪರಿಶೀಲನೆ ಪ್ರತಿಯೊಬ್ಬರ ಮಟ್ಟಿಗೂ ನಡೆಯಬೇಕೆಂದು ಜಿಲ್ಲಾಡಳಿತಕ್ಕೆ ಮನವಿ ಸಲ್ಲಿಸುವುದು ಸೂಕ್ತ. ಆದರೆ ಹಾಗೆ ಕೇಳುವ ಹಕ್ಕು ನಮಗೆ ಬರುವುದು ನಮ್ಮ ಮನೆಯ ಆಯುಧಗಳು ಸುಭದ್ರವಾಗಿವೆಯೆಂದು ತೋರಿಸಿದಾಗ. ಎರಡನೆಯದು ತರಬೇತಿ. ಪೊಲೀಸ್ ಇಲಾಖೆ ರಾಜ್ಯದ ಹಲವು ಜಿಲ್ಲೆಗಳಲ್ಲಿ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತದೆ. ಅಂಥದೊಂದು ಶಿಬಿರವನ್ನು ಮೂಡಿಗೆರೆಯಲ್ಲಿ, ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲು, ಏರ್ಪಡಿಸುವಂತೆ ಕೋರಬಹುದು. ಮನೆಯಲ್ಲಿ ಆಯುಧ ಇಡುವ ಕ್ರಮವನ್ನು ಅದರಲ್ಲಿ ಕಡ್ಡಾಯವಾಗಿ ಕಲಿಸಬೇಕು, ಮನೆಯ ಹೆಂಗಸರಿಗೂ ಅಲ್ಲಿ ಸ್ಥಳವಿರಬೇಕು. ಡ್ರಾಯರಿನ ಬೀಗದಲ್ಲಿ ಕೈ ನೇತಾಡುತ್ತಿರುವುದನ್ನು ಮೊದಲು ಗಮನಿಸುವವರು ಅವರೇ.

ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಎರಡೂ ವಿಷಯಗಳನ್ನು ಮಂಡಿಸಲು ಬಯಸಿದ್ದೇನೆ. ಶಿಬಿರದಲ್ಲಿ ಭಾಗವಹಿಸಲು ಇಚ್ಛಿಸುವ ಸದಸ್ಯರು ಸಂಸ್ಥೆಯ ಕಚೇರಿಗೆ ಹೆಸರು ಕೊಡಬೇಕಾಗಿ ಕೋರುತ್ತೇನೆ. ಆಯುಧದ ವಿವರ ಬರೆಯುವ ಅಗತ್ಯವಿಲ್ಲ; ಮನೆಯಿಂದ ಎಷ್ಟು ಜನ ಬರುತ್ತೀರಿ ಎಂಬುದಷ್ಟೇ ಸಾಕು.