ಚಾರ್ಜರ್ ಪಿನ್ನಿನ ರಾಜಕಾರಣ: ಟೆಂಡರ್‌ನಲ್ಲಿ ಒಂದು ಸಾಲು ಬರೆಯೋಕೆ ಏನು ಕಷ್ಟ?

ಮೊನ್ನೆ ನಜರ್‌ಬಾದ್‌ನ ಒಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಲ್ಲಿ ಕೂತಿದ್ದೆ. ಡಿಗ್ರಿ ಓದುವ ಹುಡುಗಿಯೊಬ್ಬಳು ಬಂದಳು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಚಾರ್ಜರ್ ಸುಟ್ಟುಹೋಗಿದೆ, ನಾಳೆಯೇ ಪ್ರಾಜೆಕ್ಟ್ ಕೊಡಬೇಕು. ಅಂಗಡಿಯವರು ಗೋಡೆಗೆ ನೇತುಹಾಕಿದ್ದ ಚಾರ್ಜರ್‌ಗಳನ್ನೆಲ್ಲ ತಡಕಾಡಿ, "ಕರೆಂಟ್ ಎಲ್ಲಾ ಹೆಚ್ಚುಕಮ್ಮಿ ಒಂದೇ ಕಣಮ್ಮ, ಪಿನ್ನೇ ಬೇರೆ" ಅಂದರು.

ಅವರು ಹೇಳಿದ್ದು ನಿಜ. ಹೆಚ್ಚಿನ ಲ್ಯಾಪ್‌ಟಾಪ್‌ಗಳಿಗೆ ಬೇಕಿರುವುದು 19-20 ವೋಲ್ಟ್. ಆದರೆ ಒಂದು ಕಂಪನಿಯ ಪಿನ್ ದಪ್ಪ, ಇನ್ನೊಂದರದು ಸಣ್ಣ, ಮತ್ತೊಂದರದು ಚಪ್ಪಟೆ. ಕೆಲವು ಲ್ಯಾಪ್‌ಟಾಪ್‌ಗಳು ತಮ್ಮ ಕಂಪನಿಯ ಚಾರ್ಜರ್ ಅಲ್ಲ ಅಂತ ಗೊತ್ತಾದರೆ ಆನ್ ಆಗುತ್ತವೆ, ಬ್ಯಾಟರಿ ಮಾತ್ರ ಚಾರ್ಜ್ ಆಗಲ್ಲ. ಇದಕ್ಕೆ ಕಂಪನಿಗಳು ಕೊಡುವ ಕಾರಣ ಸುರಕ್ಷತೆ. ಈ ವಾದದಲ್ಲಿ ಒಂದಷ್ಟು ಹುರುಳಿತ್ತು, ಈಗಿಲ್ಲ. ಯುಎಸ್‌ಬಿ-ಸಿಯಲ್ಲಿ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅನ್ನೋದನ್ನ ಚಾರ್ಜರ್ ಮತ್ತು ಲ್ಯಾಪ್‌ಟಾಪ್ ಮೊದಲೇ ಮಾತಾಡಿಕೊಳ್ಳುತ್ತವೆ. 2021ರಲ್ಲಿ ಅದರ ಮಿತಿ 100ರಿಂದ 240 ವ್ಯಾಟ್‌ಗೆ ಏರಿದೆ. ಭಾರೀ ಗೇಮಿಂಗ್ ಲ್ಯಾಪ್‌ಟಾಪ್ ಬಿಟ್ಟರೆ ಉಳಿದವಕ್ಕೆ ಇದು ಧಾರಾಳ.

ಯುರೋಪಿಯನ್ ಒಕ್ಕೂಟ 2022ರಲ್ಲೇ ಕಾನೂನು ಮಾಡಿತು. 2024ರ ಡಿಸೆಂಬರ್ 28ರಿಂದ ಫೋನ್, ಟ್ಯಾಬ್‌ಗಳಿಗೆ, 2026ರ ಏಪ್ರಿಲ್ 28ರಿಂದ ಹೊಸ ಲ್ಯಾಪ್‌ಟಾಪ್‌ಗಳಿಗೆ ಯುಎಸ್‌ಬಿ-ಸಿ ಕಡ್ಡಾಯ. ಆಪಲ್ ವಿರೋಧಿಸಿತು. ಆದರೂ 2023ರ ಐಫೋನ್ 15 ಯುಎಸ್‌ಬಿ-ಸಿಯೊಂದಿಗೇ ಬಂತು.

ನಮ್ಮಲ್ಲಿ? 2022ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಕರೆದ ಸಭೆಯಲ್ಲಿ ಫೋನ್, ಟ್ಯಾಬ್, ಲ್ಯಾಪ್‌ಟಾಪ್‌ಗೆ ಯುಎಸ್‌ಬಿ-ಸಿ ಆಗಲಿ ಅಂತ ಉದ್ಯಮವೂ ಒಪ್ಪಿತು. 2023ರ ಜನವರಿಯಲ್ಲಿ ಬಿಐಎಸ್ ಅದಕ್ಕೊಂದು ಮಾನದಂಡವನ್ನೂ ಪ್ರಕಟಿಸಿತು. ಆದರೆ ಬಿಐಎಸ್ ಮಾನದಂಡ ತಾನಾಗಿಯೇ ಕಾನೂನಾಗಲ್ಲ. ಕೇಂದ್ರ ಸರ್ಕಾರ ಆದೇಶ ಹೊರಡಿಸಿದರಷ್ಟೇ ಅದು ಕಡ್ಡಾಯ.

ಹಾಗಂತ ದೆಹಲಿ ಕಡೆ ಬೆರಳು ತೋರಿಸಿ ವಿಧಾನಸೌಧ ಕೈತೊಳೆದುಕೊಳ್ಳುವಂತಿಲ್ಲ. ಸರ್ಕಾರಿ ಕಾಲೇಜು ವಿದ್ಯಾರ್ಥಿಗಳಿಗೆ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚುವ ಯೋಜನೆಗಳನ್ನು ಮಾಡಿದ್ದು ಇಲ್ಲಿನ ಸರ್ಕಾರಗಳೇ. ಟೆಂಡರ್‌ನಲ್ಲಿ ರ‍್ಯಾಮ್ ಎಷ್ಟು, ಸ್ಕ್ರೀನ್ ಎಷ್ಟು ಅಂತ ಬರೆಯುವ ಜಾಗದಲ್ಲೇ "ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗಬೇಕು" ಅಂತ ಇನ್ನೊಂದು ಸಾಲು ಸೇರಿಸಿದರೆ ಯಾವ ಕಾನೂನೂ ಅಡ್ಡ ಬರಲ್ಲ. ಅದು ಯಾವುದೋ ಒಂದು ಬ್ರ್ಯಾಂಡ್ ಪರವಾದ ಷರತ್ತೂ ಅಲ್ಲ. ಪುಕ್ಕಟೆ ಲ್ಯಾಪ್‌ಟಾಪ್ ಸಿಕ್ಕ ಮಕ್ಕಳ ಚಾರ್ಜರ್ ಸುಟ್ಟರೆ, ಇನ್ನೊಂದನ್ನು ಕೊಳ್ಳೋಕೆ ಆಗದವರೂ ಅವರೇ. ಪಿನ್ ಒಂದೇ ಆದರೆ ಪಕ್ಕದ ಗೆಳತಿಯ ಚಾರ್ಜರ್‌ನಲ್ಲಿ ಅವತ್ತಿನ ಕೆಲಸ ನಡೆಯುತ್ತೆ.

ಪಿನ್ ಒಂದಾದ ಮಾತ್ರಕ್ಕೆ ಗೊಂದಲ ಮುಗಿಯಲ್ಲ, ಒಪ್ಪುತ್ತೇನೆ. 60 ವ್ಯಾಟ್ ಕೇಬಲ್ಲೂ 240 ವ್ಯಾಟ್ ಕೇಬಲ್ಲೂ ನೋಡೋಕೆ ಒಂದೇ ಥರ. ಹಾಗಾಗಿ ಚಾರ್ಜರ್ ಮೇಲೂ ಕೇಬಲ್ ಮೇಲೂ ವ್ಯಾಟ್ ಅಚ್ಚಾಗಿರಬೇಕು ಅನ್ನೋದನ್ನೂ ಅದೇ ಟೆಂಡರ್‌ನಲ್ಲಿ ಬರೆಯಲಿ.

ನಮ್ಮ ಮನೆ ಗೋಡೆಯ ಸಾಕೆಟ್, ಮಿಕ್ಸಿ ಯಾವ ಕಂಪನಿದು ಅಂತ ಕೇಳಲ್ಲ. ಲ್ಯಾಪ್‌ಟಾಪ್‌ಗೂ ನಾವು ಕೇಳುತ್ತಿರುವುದು ಅಷ್ಟೇ. ರಾಜ್ಯದ ಟೆಂಡರ್‌ಗಳು ಕೆಪಿಪಿಪಿ ಪೋರ್ಟಲ್‌ನಲ್ಲಿ ಸಿಗುತ್ತವೆ. ಮುಂದಿನ ಸಲ ಲ್ಯಾಪ್‌ಟಾಪ್ ಟೆಂಡರ್ ಬಂದಾಗ ತೆರೆದು ನೋಡಿ. ಆ ಸಾಲು ಇಲ್ಲದಿದ್ದರೆ ನಿಮ್ಮ ಶಾಸಕರನ್ನು ಕೇಳಿ.